ಕುಂಕುಮ ಇಟ್ಟ ಡಬ್ಬಿಗಳು

"ಈ ನಾಲ್ಕೂವರೆ ಗಂಟೆಯ ಸಾಲನ್ನ ಯಾರಾದ್ರೂ ಓದಿದ್ರಾ?" ಎಂದು ಕೇಳಿದಳು ದಾನವ್ವ.

ಯಾರೂ ಓದಿರಲಿಲ್ಲ.

ಕೋಲ್ಡ್ ರೂಮಿನ ಮುಂದಿನ ಸಿಮೆಂಟ್ ಕಟ್ಟೆಯ ಮೇಲೆ ಅವಳು ಕಾಲು ಚಾಚಿ ಕೂತಿದ್ದಳು. ಮೂಗಿನ ತುದಿಯಲ್ಲಿ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಒಂದು ಹಾಳೆ. ಎ.ಎಸ್.ಐ. ದಾನವ್ವ ಮುದ್ದೇಬಿಹಾಳದ ಕಡೆಯಿಂದ ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಈ ಊರು ಅವಳ ಮಾತನ್ನು ಅರ್ಧ ತಿದ್ದಿತ್ತು, ಸಿಟ್ಟನ್ನು ತಿದ್ದಿರಲಿಲ್ಲ.

ಶನಿವಾರ ವಿಜಯದಶಮಿಯ ಮಧ್ಯಾಹ್ನ, ಚಿಕ್ಕಜಾಲದ ಈ ಬೈರವ ಫ್ಲೋರಾ ಎಂಬ ಹೂವಿನ ಕಂಪನಿಯ ಕೋಲ್ಡ್ ರೂಮಿನೊಳಗೆ ಮ್ಯಾನೇಜರ್ ವಾಸು ತಲೆಗೆ ಪೆಟ್ಟು ತಿಂದು, ಗುಲಾಬಿ ಪೆಟ್ಟಿಗೆಗಳ ನಡುವೆ ಎರಡು ಡಿಗ್ರಿ ಚಳಿಯಲ್ಲಿ ಮೂರು ಗಂಟೆಗೂ ಮೀರಿ ಬಿದ್ದಿದ್ದ. ಇವತ್ತು ಸೋಮವಾರ, ಅವನಿನ್ನೂ ಕಣ್ಣು ಬಿಟ್ಟಿಲ್ಲ. ವ್ಯಾನ್ ಡ್ರೈವರ್ ಮುಜಫ್ಫರ್ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದಾನೆ. ಗಾಂಧಿ ಜಯಂತಿಗೆ ಕೋರ್ಟು ರಜೆಯಾದರೇನಂತೆ, ಸಂಜೆ ಐದಕ್ಕೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದುಕೊಂಡು ಹೋಗಬೇಕು ಎಂದು ಇನ್‌ಸ್ಪೆಕ್ಟರ್ ಮಹಾಲಿಂಗಪ್ಪ ಹೇಳಿಯಾಗಿತ್ತು. ಈಗ ಎರಡೂ ಮುಕ್ಕಾಲು.

ಮುಜಫ್ಫರನ ವಿರುದ್ಧ ಸಾಕ್ಷಿ ಹೇಳಿದ್ದು ಒಂದು ಬಾಗಿಲು.

ಕೋಲ್ಡ್ ರೂಮಿಗೆ ಎರಡು ಬಾಗಿಲು. ಮುಂಬಾಗಿಲು ವ್ಯಾನ್ ಬಂದು ನಿಲ್ಲುವ ಈ ಕಟ್ಟೆಗೆ, ಹಿಂಬಾಗಿಲು ಆಫೀಸಿನ ಓಣಿಗೆ. ಎರಡರ ನೆತ್ತಿಯ ಮೇಲೂ ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ ಅಂಟಿಸಿದ್ದರು. ಬಾಗಿಲು ಕದಲಿದರೆ ಸಾಕು, ಡಬ್ಬಿ ಅದನ್ನು ಇಂಟರ್‌ನೆಟ್ಟಿಗೆ ಹೇಳುತ್ತದೆ. ಇಂಟರ್‌ನೆಟ್ಟು ಅದನ್ನು ಹೆಬ್ಬಾಳದಲ್ಲಿ ಕೂತ ಹರ್ಷಿತಾಳ ಲ್ಯಾಪ್‌ಟಾಪಿಗೂ, ನಂಬರ್ ಕೊಟ್ಟವರ ಫೋನುಗಳಿಗೂ ಮುಟ್ಟಿಸುತ್ತದೆ. ಡಬ್ಬಿಗಳನ್ನು ಕೂರಿಸಿದ ಕಂಪನಿಯ ಹುಡುಗಿ ಈ ಹರ್ಷಿತಾ. ಆರು ತಿಂಗಳ ಹಿಂದೆ ಅವಳು ಬಂದು ಹೋದಮೇಲೆ, ಹುಟ್ಟಿದಾಗಿನಿಂದ ಸುಮ್ಮನಿದ್ದ ಬಾಗಿಲುಗಳಿಗೆ ಬಾಯಿ ಬಂದಿತ್ತು.

ಬಾಗಿಲುಗಳು ಶನಿವಾರ ಆಡಿದ್ದನ್ನು ಮುದ್ರಿಸಿದ ಈ ಹಾಳೆಯಲ್ಲಿ ಇದ್ದದ್ದು ನಾಲ್ಕೇ ಸಾಲು. ಹೂವನ್ನೆಲ್ಲ ಶುಕ್ರವಾರ ಬೆಳಗ್ಗೆಯೇ ಒಳಗಿಟ್ಟಾಗಿತ್ತು, ಹಬ್ಬದ ದಿನ ಲೋಡ್ ಒಂದು ಬಿಟ್ಟರೆ ಬಾಗಿಲು ಮುಟ್ಟುವ ಕೆಲಸ ಇರಲಿಲ್ಲ.

ಮೊದಲ ಎರಡು ಸಾಲನ್ನು ಠಾಣೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದರು. ಮಧ್ಯಾಹ್ನ ಒಂದು ಹತ್ತಕ್ಕೆ ಮುಂಬಾಗಿಲು ತೆರೆಯಿತು. ಒಂದು ಹದಿನಾಲ್ಕಕ್ಕೆ ಮುಚ್ಚಿತು.

ಹನ್ನೆರಡೂವರೆಯಿಂದ ಎರಡರ ತನಕ ಆ ಬಾಗಿಲಿಗೆ ಎದುರಾಗಿಯೇ ವ್ಯಾನ್ ನಿಲ್ಲಿಸಿಕೊಂಡು ಲೋಡಿಗೆ ಕಾಯುತ್ತಿದ್ದೆ ಎಂದು ಮುಜಫ್ಫರ್ ತಾನಾಗಿಯೇ ಹೇಳಿದ್ದ. ಬಾಗಿಲು ತೆರೆಯಲೇ ಇಲ್ಲ ಎಂದೂ ಹೇಳಿದ್ದ. ಬಾಗಿಲು ಹೌದು ಅನ್ನುತ್ತದೆ, ಮನುಷ್ಯ ಇಲ್ಲ ಅನ್ನುತ್ತಾನೆ. ಮೇಲಾಗಿ ಹಿಂದಿನ ದಿನ ಅವನಿಗೂ ವಾಸುವಿಗೂ ಕೊರಳಪಟ್ಟಿ ಹಿಡಿಯುವಷ್ಟು ಜಗಳವಾಗಿತ್ತು. ಯಾವುದಕ್ಕೆ ಎಂದರೆ ಬಾಯಿ ಬಿಡುತ್ತಿಲ್ಲ. ಇನ್ನೇನು ಬೇಕು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಕಟ್ಟಿಯೇ ಬಿಟ್ಟರು.

ದಾನವ್ವನಿಗೆ ಮಾತ್ರ ಇದು ಒಪ್ಪಿಗೆಯಾಗಿರಲಿಲ್ಲ. ಸುಳ್ಳು ಹೇಳುವವನು ತನ್ನನ್ನೇ ಯಾಕೆ ಬಾಗಿಲ ಎದುರು ತಂದು ಕೂರಿಸಿಕೊಳ್ಳುತ್ತಾನೆ? ಚಹಾ ಕುಡಿಯಲು ಹೋಗಿದ್ದೆ ಎಂದರೆ ಮುಗಿದುಹೋಗುತ್ತಿತ್ತಲ್ಲ.

ಅದೂ ಅಲ್ಲದೆ ಅವಳು ಮಾತು ಕೊಟ್ಟಿದ್ದಳು. ಬೆಳಗ್ಗೆ ಠಾಣೆಯ ಮೆಟ್ಟಿಲ ಮೇಲೆ ಮುಜಫ್ಫರನ ಹೆಂಡತಿ ಕುಲ್ಸುಮ್ ಅವಳ ಕಾಲು ಹಿಡಿದುಬಿಟ್ಟಿದ್ದಳು. "ಇವ್ರು ಇರುವೆ ಕೂಡ ತುಳಿಯೋರಲ್ಲ ಮೇಡಂ. ಬಿಡಿಸ್ಕೊಡಿ. ಮನೇಲಿ ಮಗಳಿಗೆ ಶನಿವಾರದಿಂದ ಜ್ವರ, ಅಬ್ಬಾ ಅಬ್ಬಾ ಅಂತ ಅಪ್ಪನ್ನೇ ಕರೀತಾ ಒಂದೇ ಸಮ ಅಳ್ತಾಳೆ." ಮಗಳು ತರನ್ನುಮ್ ಇದೇ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ದಿನಾ ಅಪ್ಪನ ವ್ಯಾನಿನಲ್ಲೇ ಆರ್.ಟಿ. ನಗರದಿಂದ ಬಂದು ಹೋಗುತ್ತಿದ್ದಳು. "ಸಂಜೆಗೆ ನಿನ್ನ ಗಂಡ ನಿನ್ನ ಮನೆ ಊಟ ಮಾಡ್ತಾನ, ಏಳು," ಎಂದುಬಿಟ್ಟಿದ್ದಳು ದಾನವ್ವ. ಪೊಲೀಸರು ಹಾಗೆಲ್ಲ ಮಾತು ಕೊಡಬಾರದು. ಕೊಟ್ಟಾಗಿತ್ತು. ಕುಲ್ಸುಮ್ ಎರಡು ಬಸ್ಸು ಬದಲಿಸಿ ಇಲ್ಲಿಗೂ ಬಂದು, ಗೇಟಿನ ಹೊಂಗೆ ಮರದ ಕೆಳಗೆ ಟಿಫಿನ್ ಬ್ಯಾಗನ್ನು ತೊಡೆಯ ಮೇಲೆ ಅವಚಿಕೊಂಡು ಕೂತಿದ್ದಳು.

"ಯಾವ ನಾಲ್ಕೂವರೆ ಮೇಡಂ?" ಹರ್ಷಿತಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು.

"ಮೂರನೇ ಸಾಲು. ಓದವ್ವ."

"ನಾಲ್ಕೂವರೆಗೆ ಹಿಂಬಾಗಿಲು ತೆರೆಯಿತು."

"ವಾಸುನ್ನ ಹೊರಗೆ ತಂದಿದ್ದು ಎಷ್ಟು ಗಂಟೆಗೆ?"

"ನಾಲ್ಕೂವರೆಗೆ."

"ಯಾವ ಬಾಗಿಲಿಂದ?"

ಉತ್ತರ ಬಂದದ್ದು ಕಟ್ಟೆಯ ಕೆಳಗೆ ಪೊರಕೆ ಹಿಡಿದು ನಿಂತಿದ್ದ ಚಿಕ್ಕಬೈರಪ್ಪನಿಂದ. ಈ ಜಾಗ ರಾಗಿ ಹೊಲವಾಗಿದ್ದಾಗಿನಿಂದಲೂ ಇಲ್ಲೇ ಇರುವ ಆಳು ಅವನು.

"ಈ ಮುಂದಿನ ಬಾಗ್ಲೇ ಕಣವ್ವ. ನಾನೇ ತೆಗ್ದಿದ್ದು. ಮುಜಫ್ಫರಣ್ಣ ಪಕ್ಕದಾಗೆ ಇದ್ದ, ಪ್ಯಾಕಿಂಗ್ ಎಂಗಸ್ರು ಐದಾರು ಜನ ಇದ್ರು. ಇಂದ್ಗಡೆ ಬಾಗ್ಲ ತಾವ್ಕೆ ಯಾರೂ ಓಗ್ಲೇ ಇಲ್ಲ."

"ಸಂಜೆ ಆರು ಇಪ್ಪತ್ತಕ್ಕೆ ಸೀಲ್ ಹಾಕಿದ್ದು ನಾನು. ಇದೇ ಮುಂಬಾಗಿಲು ಎಳೆದು ಹಾಕಿದೆ," ಎಂದಳು ದಾನವ್ವ. "ನಿನ್ನ ಹಾಳೆ ಆರು ಇಪ್ಪತ್ತಕ್ಕೂ ಹಿಂಬಾಗಿಲು ಮುಚ್ಚಿತು ಅಂತದ. ಬಾಗಿಲು ತಪ್ಪು ಹೇಳಲ್ಲ ಅಂದವಳು ನೀನೇ ಅಲ್ಲೇನು?"

"ಅದೇನೋ ಎರರ್ ಇರ್ಬೇಕು ಮೇಡಂ…"

"ನಾಲ್ಕೂವರೆದು ಎರರ್, ಒಂದು ಹತ್ತರದು ಸತ್ಯವೇನು? ಛಲೋ ಆತು."

ದಾನವ್ವ ಎದ್ದಳು. ಬೆಳಗ್ಗೆಯಿಂದ ಅವಳ ಕಣ್ಣು ಆ ಬಾಗಿಲಿನ ನೆತ್ತಿಗೇ ಮತ್ತೆ ಮತ್ತೆ ಹೋಗುತ್ತಿತ್ತು. ಬಿಳಿ ಡಬ್ಬಿಯ ಹಣೆಗೆ ಮೂರೆಳೆ ವಿಭೂತಿ, ನಡುವೆ ಬೊಟ್ಟಗಲ ಕುಂಕುಮ, ಮೇಲೆ ಒಣಗಿದ ಒಂದು ಸೇವಂತಿಗೆ ಎಸಳು. ಗೇಟಿನ ಹತ್ತಿರ ಒಡೆದ ಬೂದುಗುಂಬಳವೂ ಹಾಗೇ ನೊಣ ಮುತ್ತಿಕೊಂಡು ಬಿದ್ದಿತ್ತು.

"ಹರ್ಷಿತಾ, ಈ ಡಬ್ಬಿಗೆ ತಾನು ಯಾವ ಬಾಗಿಲ ಮೇಲೆ ಕೂತೀನಿ ಅಂತ ಗೊತ್ತಾಗ್ತದಾ?"

"ಹೇಗೆ ಗೊತ್ತಾಗುತ್ತೆ ಮೇಡಂ? ಒಂದನೇ ನಂಬರ್ ಡಬ್ಬಿ ಮುಂದೆ, ಎರಡನೇದು ಹಿಂದೆ ಅಂತ ನಾವು ಸಿಸ್ಟಮ್‌ನಲ್ಲಿ ಬರೆದಿರ್ತೀವಿ. ಅದು ಬರೀ ನಂಬರ್ ಹೇಳುತ್ತೆ, ಬಾಗಿಲ ಹೆಸರು ಹಾಕೋರು ನಾವು."

"ಶುಕ್ರವಾರ ಇವು ಎಷ್ಟೊತ್ತು ಸುಮ್ಮನಿದ್ವು ನೋಡು."

ಹರ್ಷಿತಾಳ ಬೆರಳು ಓಡಿತು. "ಹನ್ನೊಂದರಿಂದ ಹನ್ನೆರಡೂ ಕಾಲರವರೆಗೆ ಎರಡೂ ಆಫ್ ಆಗಿವೆ. ನೆಟ್ ಹೋಗಿತ್ತು ಅಂದ್ಕೊಂಡಿದ್ದೆ."

ದಾನವ್ವ ಚಿಕ್ಕಬೈರಪ್ಪನ ಕಡೆ ತಿರುಗಿದಳು. "ಯಜಮಾನ, ಇದಕ್ಕೆ ಕುಂಕುಮ ಇಟ್ಟೋರು ಯಾರು?"

ಮುದುಕನ ಮುಖ ಅರಳಿತು. "ನಾನೇ ಕಣವ್ವ. ಆಯುಧಪೂಜೆ ಅಲ್ವಾ? ಕತ್ರಿ, ತಕ್ಡಿ, ವ್ಯಾನು ಎಲ್ಲಕ್ಕೂ ಮಾಡಿ ಇವನ್ನ ಬಿಡಕ್ಕಾಯ್ತದಾ? ಇವೂ ಅಗಲೂ ರಾತ್ರಿ ದುಡೀತವೆ ಪಾಪ. ಕೆಳಗಿಳ್ಸಿ, ಶಾಕ್ ಒಡೆದಾತು ಅಂತ ಸೆಲ್ ಬಿಚ್ಚಿ, ಒದ್ದೆ ಬಟ್ಟೆ ತಕ್ಕೊಂಡು ಇಂಗೆ ಲಕ್ಷಣವಾಗಿ ಒರ್ಸಿ, ಮಣೆ ಮ್ಯಾಲೆ ಕತ್ರಿ ಪಕ್ಕದಾಗೆ ಇಟ್ಟೆ."

"ಆಮೇಲೆ?"

"ಮಂಗಳಾರ್ತಿ ಆದ್ಮೇಲೆ ಸೆಲ್ ಆಕಿ, ಅಂಟಿನ ಪಟ್ಟಿ ಆಕಿ, ಅದದರ ಜಾಗದಾಗೆ…" ಅವನು ತಲೆ ಎತ್ತಿ ಡಬ್ಬಿಯನ್ನು ನೋಡಿದ. "ಎರಡೂ ಒಂದೇ ತರ ಇದ್ವಲ್ಲವ್ವ."

"ಮೇಲೆ ನಂಬರ್ ಚೀಟಿ ಇತ್ತಲ್ಲ?"

"ಒರ್ಸೋವಾಗ ಕಿತ್ಕೊಂಡ್ ಬಂತು. ಕೊಳೆ ಅಂದ್ಕಂಡೆ."

ಹರ್ಷಿತಾ ಹಣೆಗೆ ಕೈ ಹೊತ್ತಳು. ದಾನವ್ವನಿಗೆ ನಗುವೂ ಬಂತು, ಮುದುಕನನ್ನು ತಬ್ಬಿಕೊಳ್ಳುವಷ್ಟು ಪ್ರೀತಿಯೂ ಬಂತು. ದೊಡ್ಡ ದೊಡ್ಡ ಕಂಪನಿಯವರು ಕೂತು ಬರೆದ ಲೆಕ್ಕಾಚಾರದಲ್ಲಿ ಕಳ್ಳರಿಗೆ ಜಾಗವಿತ್ತು, ಕರೆಂಟು ಹೋಗುವುದಕ್ಕೂ ಜಾಗವಿತ್ತು. ಯಂತ್ರಕ್ಕೂ ಒಂದು ದಿನ ಸ್ನಾನ ಮಾಡಿಸಿ ಹೂವು ಮುಡಿಸುವ ಚಿಕ್ಕಬೈರಪ್ಪನಿಗೆ ಮಾತ್ರ ಜಾಗವಿರಲಿಲ್ಲ.

"ಏನ್ರೀ ಇದು ತಮಾಷೆ?"

ಆಫೀಸಿನ ಕಡೆಯಿಂದ ನಂದಕುಮಾರ್ ಬರುತ್ತಿದ್ದ. ಬೈರವ ಫ್ಲೋರಾದ ಮಾಲೀಕ, ನಲವತ್ತರ ಆಸುಪಾಸು, ಮಡಿಕೆ ಮುರಿಯದ ಬಿಳಿ ಶರ್ಟು. ಎಷ್ಟು ಹೊತ್ತಿನಿಂದ ಮೂಲೆಯಲ್ಲಿ ನಿಂತು ಕೇಳುತ್ತಿದ್ದನೋ ಯಾರಿಗೂ ಗೊತ್ತಿಲ್ಲ.

"ತಮಾಷೆ ಇನ್ನೂ ಶುರುವಾಗಿಲ್ಲ, ಬರ್ರಿ," ಎಂದಳು ದಾನವ್ವ. ಗೇಟಿನ ಕಡೆ ಕೈ ಬೀಸಿದಳು. "ಕುಲ್ಸುಮ್, ನೀನೂ ಬಾರವ್ವ. ಕಣ್ಣಾರೆ ನೋಡು."

ಕುಲ್ಸುಮ್ ಬ್ಯಾಗನ್ನು ಎದೆಗೊತ್ತಿಕೊಂಡು ಬಂದು ಕಟ್ಟೆಯ ತುದಿಯಲ್ಲಿ ನಿಂತಳು.

"ಮೇಡಂ, ಮಷೀನಿಗಿಂತ ಈ ಮುದುಕನ ಮಾತು ಹೆಚ್ಚಾಯ್ತಾ ನಿಮ್ಗೆ?" ನಂದಕುಮಾರ್ ಬಿಡಲಿಲ್ಲ. "ನಾಳೆ ಯಾರಾದ್ರೂ ಡಬ್ಬಿ ಅದಲುಬದಲಾಗಿದೆ ಅಂದ್ರೆ ಕೇಸೇ ಬಿಟ್ಬಿಡ್ತೀರಾ?"

"ಯಾರ ಮಾತೂ ಬೇಡ್ರಿ. ಬಾಗಿಲನ್ನೇ ಕೇಳೋಣ."

ತಾನೇ ಹಾಕಿದ ಸೀಲನ್ನು ಎಲ್ಲರಿಗೂ ತೋರಿಸಿ, ಹೊತ್ತು ಬರೆದುಕೊಂಡು, ದಾನವ್ವ ಬಿಚ್ಚಿದಳು. ಚಿಲಕ ಎಳೆದಳು. ಮುಂಬಾಗಿಲು ಒಂದು ಗೇಣು ಸರಿಯಿತು. ತಣ್ಣನೆ ಗಾಳಿಯ ಜೊತೆಗೆ ಬಾಡಿದ ಗುಲಾಬಿಯ ಕಮಟು ವಾಸನೆ ಮುಖಕ್ಕೆ ಹೊಡೆಯಿತು.

ಟಿಂಗ್ ಎಂದಿತು ಲ್ಯಾಪ್‌ಟಾಪ್. ಅದರ ಹಿಂದೆಯೇ ನಂದಕುಮಾರನ ಜೇಬು ಟಿಂಗ್ ಎಂದಿತು. ಇನ್ನೂ ಒಂದು ಸಲ ಎಲ್ಲೋ ಟಿಂಗ್ ಎಂದಂತಾಯಿತು. ಆ ಗದ್ದಲದಲ್ಲಿ ದಾನವ್ವ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

"ಓದವ್ವ," ಎಂದಳು.

ಹರ್ಷಿತಾಳ ದನಿ ಸಣ್ಣಗಾಗಿತ್ತು. "ಹಿಂಬಾಗಿಲು ತೆರೆಯಿತು."

"ಸಾಹೇಬ್ರ, ನಿಮ್ಮ ಫೋನೂ ಓದ್ರಿ."

ನಂದಕುಮಾರ್ ಫೋನ್ ತೆಗೆದ, ನೋಡಿದ, ಓದಲಿಲ್ಲ. ಓದಬೇಕಾಗಿಯೂ ಇರಲಿಲ್ಲ.

"ಹಂಗಾದ್ರ ಶನಿವಾರ ಒಂದು ಹತ್ತಕ್ಕೆ ತೆರೆದಿದ್ದು ಹಿಂಬಾಗಿಲು. ಮುಜಫ್ಫರ್ ಹೇಳಿದ್ದು ಸತ್ಯ. ಅವನ ಎದುರಿನ ಬಾಗಿಲು ಕದಲೇ ಇಲ್ಲ." ದಾನವ್ವನ ಎದೆ ಹಗುರಾಯಿತು. ಕೊಟ್ಟ ಮಾತು ಉಳಿಯಿತು ಎಂದು ಕುಲ್ಸುಮ್ ಕಡೆ ನೋಡಿ ನಕ್ಕಳು.

ಕುಲ್ಸುಮ್ ನಗಲಿಲ್ಲ. ಗಂಡನಿಗೆ ಬಿಡುಗಡೆಯ ದಾರಿ ತೆರೆದಾಗ ಅಳಬೇಕು, ಇಲ್ಲ ದೇವರನ್ನು ನೆನೆಯಬೇಕು. ಅವಳ ಮುಖ ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡಿತ್ತು. ಪಾಪ, ಬೆಳಗ್ಗೆಯಿಂದ ಏನೂ ತಿಂದಿಲ್ಲವೇನೋ ಎಂದುಕೊಂಡಳು ದಾನವ್ವ. ಹಾಗೆ ಅಂದುಕೊಂಡದ್ದು ಎಷ್ಟು ದೊಡ್ಡ ದಡ್ಡತನವೆಂದು ಆಮೇಲೆ ಅವಳಿಗೇ ತಿಳಿಯಿತು.

"ಹಿಂಬಾಗಿಲಿಗೆ ಆಫೀಸಿನ ಮೂಲಕ ಬಿಟ್ಟು ಬೇರೆ ದಾರಿ ಇದೆಯೇನ್ರಿ?" ಎಂದು ಅವಳು ನಂದಕುಮಾರನ ಕಡೆ ತಿರುಗಿದಳು.

"ಇಲ್ಲ. ಆದ್ರೆ ಶನಿವಾರ ಆಫೀಸಿಗೆ ರಜೆ, ಬೀಗ ಹಾಕಿತ್ತು. ನಾನಂತೂ ಈ ಕಡೆ ತಲೇನೇ ಹಾಕಿಲ್ಲ. ಯಲಹಂಕದಲ್ಲಿ ಅಕ್ಕನ ಮನೇಲಿ ಊಟಕ್ಕಿದ್ದೆ. ಬೇಕಾದ್ರೆ ಕೇಳಿ, ಹತ್ತು ಜನ ಇದ್ರು."

"ನೀವು ಎಲ್ಲಿದ್ರಿ ಅಂತ ನಾನಿನ್ನೂ ಕೇಳೇ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದಾನವ್ವ ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದಾಳೆ. ನಂದಕುಮಾರನ ಹಣೆಯಲ್ಲಿ ಬೆವರು ಕಾಣಿಸಿತು, ಅದೂ ಕೋಲ್ಡ್ ರೂಮಿನ ಬಾಗಿಲಲ್ಲಿ ನಿಂತು.

"ಆಫೀಸಿನ ಬೀಗದಕೈ ಯಾರ ಹತ್ತಿರ ಇರ್ತದ?"

"ಒಂದು ನನ್ನ ಹತ್ರ. ಇನ್ನೊಂದು ವಾಸು ಹತ್ರ."

"ಒಂದು ಹತ್ತಕ್ಕೆ ನಿಮ್ಮ ಫೋನಿಗೂ ಮೆಸೇಜ್ ಬಂದಿತ್ತು. ಆಗೇನು ಮಾಡಿದ್ರಿ?"

"ಊಟದ ಎಲೆ ಮುಂದೆ ಕೂತಿದ್ದೆ ಕಣ್ರೀ! ಲೋಡ್ ಮಾಡ್ತಿದಾರೆ ಅಂದ್ಕೊಂಡು ಸುಮ್ನಾದೆ. ನೋಡಿಲ್ಲ, ಒತ್ತಿಲ್ಲ. ಹರ್ಷಿತಾ, ನೀನೇ ಹೇಳಮ್ಮ, ಒತ್ತಿದ್ರೆ ನಿಂಗೆ ಕಾಣುತ್ತಲ್ಲ?"

"ಒತ್ತೋದೇನು?" ದಾನವ್ವ ಕೇಳಿದಳು.

"ಮೆಸೇಜ್ ನೋಡಿದೋರು ಓಕೆ ಅಂತ ಒತ್ತಬೇಕು ಮೇಡಂ, ಅದು ನಮ್ಗೆ ಗೊತ್ತಾಗುತ್ತೆ." ಹರ್ಷಿತಾ ಪರದೆಯ ಮೇಲೆ ಬೆರಳಿಟ್ಟು ಕೆಳಗೆ ಬಂದಳು. "ಸಾರ್ ಒತ್ತಿಲ್ಲ. ವಾಸು ಅವ್ರೂ ಒತ್ತಿಲ್ಲ…" ಬೆರಳು ನಿಂತಿತು. "ಒಂದು ಹನ್ನೊಂದಕ್ಕೆ ಒಬ್ರು ಒತ್ತಿದಾರೆ."

"ಯಾರು?"

"ಹೆಸರಿಲ್ಲ. ನಂಬರ್ ಮಾತ್ರ ಇದೆ. ಎರಡು ತಿಂಗಳ ಹಿಂದೆ ವಾಸು ಅವ್ರೇ ಈ ನಂಬರ್ ಸೇರಿಸಿದಾರೆ."

ನಂದಕುಮಾರ್ ಬಗ್ಗಿ ನೋಡಿದ. "ನಂಗೆ ಗೊತ್ತಿಲ್ಲದೆ ಯಾವನ್ದು ಇದು?" ಅವನ ದನಿಯಲ್ಲಿದ್ದ ಆಶ್ಚರ್ಯ ನಿಜದ್ದೋ, ನಟನೆಯದೋ, ದಾನವ್ವನಿಗೆ ತೂಗಿ ನೋಡಲು ಆಗಲಿಲ್ಲ.

ಅವಳ ತಲೆ ಬೇರೆ ಕಡೆ ಓಡುತ್ತಿತ್ತು. ಬಾಗಿಲು ತೆರೆದ ಒಂದೇ ನಿಮಿಷಕ್ಕೆ ಯಾರೋ ಫೋನ್ ನೋಡಿದ್ದಾರೆ, ಓಕೆ ಒತ್ತಿದ್ದಾರೆ. ತೆರೆದದ್ದು ಹಿಂಬಾಗಿಲು, ಫೋನ್ ಹೇಳಿದ್ದು ಮುಂಬಾಗಿಲು. ಓಣಿಯಲ್ಲಿ ನಿಂತು ಹಿಂಬಾಗಿಲನ್ನೇ ನೋಡುತ್ತಿದ್ದವರಿಗೆ ಆ ಕ್ಷಣದಲ್ಲೇ ಗೊತ್ತಾಗಿರುತ್ತದೆ, ಡಬ್ಬಿ ತಪ್ಪು ಹೇಳುತ್ತಿದೆ ಎಂದು. ಗೊತ್ತಿದ್ದೂ ಮುಜಫ್ಫರ್ ಲಾಕಪ್ಪಿಗೆ ಹೋಗುವುದನ್ನು ಸುಮ್ಮನೆ ನೋಡಿಕೊಂಡು ಕೂತಿದ್ದಾರೆ.

ಆಗ ಅವಳಿಗೆ ಆ ಮೂರನೇ ಟಿಂಗ್ ನೆನಪಾಯಿತು.

ವಾಸುವಿನ ಫೋನು ಠಾಣೆಯ ಬೀರುವಿನಲ್ಲಿ ಲಕೋಟೆಯೊಳಗಿದೆ. ಇಲ್ಲಿ ಲ್ಯಾಪ್‌ಟಾಪ್ ಒಂದು, ನಂದಕುಮಾರನ ಜೇಬು ಎರಡು. ಹರ್ಷಿತಾಳ ಫೋನು?

"ನಿಂದೂ ಫೋನ್ ಇದಕ್ಕೆ ಸೇರಿದೆಯೇನು?"

"ಇಲ್ಲ ಮೇಡಂ, ನಂಗೆ ಲ್ಯಾಪ್‌ಟಾಪಿಗೆ ಮಾತ್ರ."

ದಾನವ್ವ ಎಲ್ಲರೂ ಸುಮ್ಮನಿರಿ ಎಂದು ತುಟಿಯ ಮೇಲೆ ಬೆರಳಿಟ್ಟಳು. ಹೆದ್ದಾರಿಯ ಕಡೆಯಿಂದ ಏರ್‌ಪೋರ್ಟ್ ಬಸ್ಸೊಂದು ಹಾದುಹೋಗುವ ತನಕ ಕಾದು, ಮುಂಬಾಗಿಲನ್ನು ಮೆಲ್ಲಗೆ ತಳ್ಳಿ ಮುಚ್ಚಿದಳು.

ಟಿಂಗ್. ಲ್ಯಾಪ್‌ಟಾಪ್.

ಟಿಂಗ್. ನಂದಕುಮಾರ್.

ಟಿಂಗ್.

ಕಟ್ಟೆಯ ತುದಿಯಿಂದ ಬಂತು ಆ ಸದ್ದು. ಟಿಫಿನ್ ಬ್ಯಾಗಿನೊಳಗಿಂದ, ಸ್ಟೀಲ್ ಡಬ್ಬಿಗೆ ತಾಗಿ ಸಣ್ಣಗೆ ಗುಂಯ್‌ಗುಟ್ಟುತ್ತ ಬಂತು.

ಕುಲ್ಸುಮ್ ಎರಡೂ ಕೈಯಿಂದ ಬ್ಯಾಗನ್ನು ಒತ್ತಿ ಹಿಡಿದಿದ್ದಳು, ಒಳಗೆ ಅಳುತ್ತಿರುವ ಕೂಸಿನ ಬಾಯಿ ಮುಚ್ಚುವಂತೆ.

ದಾನವ್ವ ನಾಲ್ಕು ಹೆಜ್ಜೆ ನಡೆದು ಅವಳ ಎದುರು ನಿಂತಳು. ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದಳು.

"ಯಾರ ಫೋನು?"

"ತರನ್ನುಮ್‌ದು."

"ಶನಿವಾರ ಆಫೀಸಿಗೆ ರಜೆ. ನಿನ್ನ ಮಗಳು ಜ್ವರ ಅಂತ ಮನೇಲಿದ್ಲು ಅಂದಿಯಲ್ಲ?"

"ಜ್ವರ ಬಂದಿದ್ದು ರಾತ್ರಿ ಮೇಡಂ. ಇಲ್ಲಿಂದ ಮನೆಗೆ ಬಂದ್ಮೇಲೆ."

ಹಾಗಾದರೆ ಮುಜಫ್ಫರ್ ವ್ಯಾನಿನಲ್ಲಿ ಒಬ್ಬನೇ ಬಂದಿರಲಿಲ್ಲ. ಅವನು ಮುಂಬಾಗಿಲ ಎದುರು ಕೂತಿದ್ದಾಗ ಮಗಳು ಆಫೀಸಿನಲ್ಲಿದ್ದಳು. ವಾಸುವಿನ ಜೊತೆ ಜಗಳ ಯಾವುದಕ್ಕೆಂದು ಅವನು ಯಾಕೆ ಬಾಯಿ ಬಿಡಲಿಲ್ಲ, ಬಾಗಿಲಿನ ಸುಳ್ಳು ಸಾಕ್ಷಿಯನ್ನು ಮಗಳ ಹೆಸರೆತ್ತದೆ ಯಾಕೆ ಹೊತ್ತುಕೊಂಡ ಎಂಬುದು ದಾನವ್ವನಿಗೆ ಈಗ ಅರ್ಥವಾಗತೊಡಗಿತು. ಸಂಕಟವೂ ಆಯಿತು. ತಾನು ಬೆಳಗ್ಗೆಯಿಂದ ಬೆವರು ಸುರಿಸಿ ಅಗೆದದ್ದು ಇದನ್ನೇ.

"ಆಫೀಸಿನ ಬೀಗ ಅವಳಿಗೆ ತೆಗೆದುಕೊಟ್ಟೋರು ಯಾರು? ವಾಸುನೋ?" ಅವಳು ನಂದಕುಮಾರನ ಕಡೆ ಕಣ್ಣು ಹೊರಳಿಸಿದಳು. ಅವನು ಇತ್ತಲೇ ನೋಡುತ್ತಿದ್ದ, ರೆಪ್ಪೆ ಬಡಿಯದೆ. "ಇಲ್ಲಾ, ಇನ್ನೊಂದು ಬೀಗದಕೈಯೋರೋ?"

ಕುಲ್ಸುಮ್ ಬ್ಯಾಗನ್ನು ಬೆನ್ನ ಹಿಂದೆ ಸರಿಸಿದಳು.

"ಕೊಡವ್ವ ಫೋನು. ಇದರಾಗ ಏನಿದ್ರೂ ನಿನ್ನ ಗಂಡ ಸಂಜೆಗೆ ಹೊರಗೆ ಬರ್ತಾನ. ಬೆಳಗ್ಗೆ ನನ್ನ ಕಾಲು ಹಿಡಿದು ಕೇಳಿದ್ದು ಅದನ್ನೇ ಅಲ್ಲೇನು?"

ಕುಲ್ಸುಮ್ ಕುಸಿದು ಕೂತಳು. ಬ್ಯಾಗು ಬಿಡಲಿಲ್ಲ. ಇನ್ನೊಂದು ಕೈಯಿಂದ ಮತ್ತೆ ದಾನವ್ವನ ಕಾಲು ಹಿಡಿದಳು, ಬೆಳಗ್ಗೆಗಿಂತ ಬಿಗಿಯಾಗಿ.

"ಬೇಡ ಮೇಡಂ. ಇವ್ರು ಒಳಗೇ ಇರ್ಲಿ. ಇವ್ರೇ ಮಾಡಿದ್ದು ಅಂತ ಬರ್ಕೊಳ್ಳಿ, ನಾನೇ ಹೆಬ್ಬೆಟ್ಟು ಒತ್ತುತೀನಿ. ಈ ಫೋನ್ ಮಾತ್ರ ತೆಗೀಬೇಡಿ."